ಹಸಿ ಗರಿಯ ಚಾಪೆ

ಮುನಿವೆಂಕಟಮ್ಮ ಚಪ್ಪಟೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಶೆಡ್ಡಿನ ಬಾಗಿಲ ಬೀಗದ ಮೇಲೆ ಇನ್ನೊಂದು ಸಲ ಬಾರಿಸಿದಳು. ಬೀಗ ಕುಣಿಯಿತೇ ಹೊರತು ಬಾಯಿ ಬಿಡಲಿಲ್ಲ. ಹಿಂದೆ ಗುಂಪಾಗಿ ನಿಂತಿದ್ದ ಮಕ್ಕಳು ಶಬ್ದಕ್ಕೆ ಬೆಚ್ಚಿ ಸರಿದು, ಶಬ್ದ ನಿಂತ ಮೇಲೆ ಮತ್ತೆ ಹತ್ತಿರ ಬಂದವು. ಎಲ್ಲರ ಕೈಯಲ್ಲೂ ಏನಾದರೊಂದಿತ್ತು. ಹಲಸಿನ ಎಲೆ, ಹೊಂಗೆಕಾಯಿ, ಹುಣಸೆ ಬೀಜ, ಒಬ್ಬನ ಕೈಯಲ್ಲಿ ಬರೀ ಒಂದು ಬೇವಿನ ಕಡ್ಡಿ. ಘಾಟಿಯ ದನಗಳ ಜಾತ್ರೆ ಮುಗಿದು ವಾರವಾಗಿತ್ತು. "ನಾಳೆ ನಾವೂ ಎತ್ತು ಮಾಡೋಣ, ಎಲೆ ತನ್ನಿ" ಎಂದು ಅಂಗನವಾಡಿ ನಡೆಸುತ್ತಿದ್ದ ಅಕ್ಕಯ್ಯಮ್ಮ ನಿನ್ನೆ ಮಕ್ಕಳನ್ನು ಮನೆಗೆ ಕಳಿಸುವಾಗ ಹೇಳಿದ್ದಳು. ರಾತ್ರಿ ಮಲಗಿದವಳು ಬೆಳಗ್ಗೆ ಏಳಲಿಲ್ಲ.

"ಆಯಮ್ಮಾ, ನನ್ನೆಲೆ ಬಾಡ್ತಾ ಇದೆ" ಎಂದಳು ಚೈತ್ರ. ನಾಲ್ಕು ವರ್ಷದ ಹುಡುಗಿ. ಎಲೆಯನ್ನು ಲಂಗದ ಅಂಚಿನಲ್ಲಿ ಸುತ್ತಿಟ್ಟುಕೊಂಡಿದ್ದಳು.

"ಬಾಡಲಿ ಬಿಡು. ಬಾಡಿದ್ರೆ ಚೆನ್ನಾಗಿ ಮಡಚಕ್ಕಾಗುತ್ತೆ."

ಲೂನಾ ಬಂದು ನಿಂತಿತು. ಕೋದಂಡರಾಮಯ್ಯನ ಮಗ ಯೋಗಾನಂದ ಇಳಿಯದೆ ಒಂದು ಕಾಲು ನೆಲಕ್ಕೂರಿದ.

"ಏನಕ್ಕಾ ಇದು. ಅಲ್ಲಿ ಸಾವಿನ ಮನೇಲಿ ಜನ ಕೂತಿದಾರೆ, ನೀನಿಲ್ಲಿ ಬೀಗ ಒಡೀತಾ ಇದೀಯ."

"ನಿಮ್ಮಪ್ಪ ಬೆಳಕು ಹರಿಯೋ ಮುಂಚೆ ಬಂದು ಈ ಬೀಗ ಹಾಕಿ, ಆಮೇಲೆ ಹೋಗಿ ಹೆಣದ ಮುಂದೆ ಅತ್ತರಂತಲ್ಲ. ಅದನ್ನ ಮೊದಲು ಕೇಳ್ಕೊಂಡು ಬಾ."

"ಶೆಡ್ಡು ನಮ್ದು. ನಾಳೆ ನಮ್ಮ ಹೊಸ ಮಗ್ಗದ ಲಾರಿ ಬರುತ್ತೆ. ಎಲ್ಲಿ ಇಳಿಸೋದು ಅಂತಿದ್ವಿ, ಇನ್ನು ಇಲ್ಲೇ. ನಿನಗೂ ಗೊತ್ತಿರೋ ವಿಷಯ."

"ನಾಳೆ ತಾನೆ? ಇವತ್ತು ಇವತ್ತೇ. ಹೆಣ ಇರೋ ಕಡೆ ಮಕ್ಕಳು ಇರಬಾರದು ಅಂತ ತಾಯಂದಿರೆಲ್ಲ ಇಲ್ಲಿಗೆ ಅಟ್ಟಿದಾರೆ. ಎಲ್ಲಿ ಕೂರಿಸ್ಲಿ? ನಿನ್ನ ಲೂನಾ ಮೇಲೆ ಕೂರಿಸ್ಲಾ?"

ಮಕ್ಕಳು ಲೂನಾವನ್ನು ಆಸೆಯಿಂದ ನೋಡಿದವು. ಯೋಗಾನಂದ ಹ್ಯಾಂಡಲ್ ತಿರುಗಿಸಿದ.

"ಕೀ ಕೊಡ್ತೀಯಾ ಕೊಡು, ಇಲ್ದಿದ್ರೆ ಅತ್ಲಾಗೆ ಸರಿ, ಚೂರು ಹಾರುತ್ತೆ" ಎಂದು ಅವಳು ಮತ್ತೆ ಕಲ್ಲೆತ್ತಿದಳು. ಈ ಸಲ ಬೀಗದ ಕೊಕ್ಕೆಯ ಜೊತೆಗೆ ಬಾಗಿಲ ಚಿಲಕವೂ ಕಿತ್ತು ಬಂತು. ಕಲ್ಲು ಅವಳ ಕೈಯಲ್ಲೇ ಎರಡು ಹೋಳಾಗಿ, ಒಂದು ಹೋಳು ಹೊಸಿಲಿನ ಮೇಲೆ ಬಿತ್ತು.

"ಭಾರದ ಕಲ್ಲು ಒಡೆದೋಯ್ತು" ಎಂದಳು ಚೈತ್ರ.

ಮುನಿವೆಂಕಟಮ್ಮ ಕೈಯಲ್ಲಿದ್ದ ಹೋಳನ್ನು ನೋಡಿಕೊಂಡಳು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದಳು, ಯಾವುದೆಂದು ನೋಡಿರಲಿಲ್ಲ. ಅಕ್ಕಯ್ಯಮ್ಮನ ಗಂಡ ನೆಲದ ಗುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗ ನೇಯುತ್ತಿದ್ದ ಕಾಲದ ಕಲ್ಲು ಅದು. ಮಕ್ಕಳು ತೆಂಗಿನ ಗರಿ ಹೆಣೆಯುವಾಗ ಒಂದು ತುದಿ ಚಿಮ್ಮಿ ಏಳದಂತೆ ಅದನ್ನೇ ಮೇಲಿಡುತ್ತಿದ್ದರು. ಅವಳು ಎರಡೂ ಹೋಳುಗಳನ್ನು ಗೋಡೆಯ ಬದಿಗೆ ಸರಿಸಿ ಬಾಗಿಲು ನೂಕಿದಳು.

"ಒಳಗೆ ನಡೀರಿ. ಚಪ್ಪಲಿ ಸಾಲಾಗಿ ಬಿಡಿ."

ಒಳಗೆ ನಿನ್ನೆಯ ಕೆಲಸ ಹಾಗೇ ಇತ್ತು. ಗೋಡೆಯ ಗೂಟದಲ್ಲಿ ಗರಿಯ ಗಿಳಿಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಚೈತ್ರ ಅರ್ಧ ಹೆಣೆದಿದ್ದ ಚಾಪೆ, ಒಂದು ಮೊಳದ್ದು, ಬಿಡಿ ಎಸಳುಗಳನ್ನು ಚಾಚಿಕೊಂಡು ಬಿದ್ದಿತ್ತು. ಈ ಶೆಡ್ಡು ಹೋದರೆ ಅಂಗನವಾಡಿಯನ್ನು ಬಸ್‌ಸ್ಟ್ಯಾಂಡಿನ ಆಚೆಗೆ ಹಾಕುತ್ತೇವೆ ಎಂದು ಮೇಲ್ವಿಚಾರಕಿ ಹೋದ ತಿಂಗಳೇ ಹೇಳಿ ಹೋಗಿದ್ದಳು. ಅಷ್ಟು ದೂರ, ಅಷ್ಟು ದೊಡ್ಡ ರಸ್ತೆ ದಾಟಿಸಿ ಈ ಕೇರಿಯ ಯಾವ ತಾಯಿಯೂ ಮಗುವನ್ನು ಕಳಿಸುವುದಿಲ್ಲ. ಮಕ್ಕಳು ಮತ್ತೆ ಮಗ್ಗಗಳ ನಡುವೆಯೇ ಅಂಬೆಗಾಲಿಡಬೇಕು. ಹಾಗಾಗಲು ಬಿಡುವುದಿಲ್ಲ ಎಂದು ಮುನಿವೆಂಕಟಮ್ಮ ಬೆಳಗ್ಗೆ ಅಕ್ಕಯ್ಯಮ್ಮನ ತಣ್ಣಗಿನ ಕಾಲು ಮುಟ್ಟಿ ಬರುವಾಗಲೇ ನಿರ್ಧರಿಸಿದ್ದಳು. ಹೇಗೆ ಎಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

*

ಕೇರಿಯಲ್ಲಿ ಹೆಣ ಇರುವಾಗ ಮಗ್ಗ ಓಡಿಸುವುದಿಲ್ಲ. ದೊಡ್ಡಬಳ್ಳಾಪುರದ ಆ ಕೇರಿಯಲ್ಲಿ ಹಗಲೂ ರಾತ್ರಿ ಬಡಿಯುವ ಪವರ್‌ಲೂಮುಗಳು ಅಂದು ನಿಂತಿದ್ದವು. ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡಿ ಅಭ್ಯಾಸವಾಗಿದ್ದ ಜನ ಆ ನಿಶ್ಶಬ್ದದಲ್ಲೂ ಕೂಗಿಯೇ ಮಾತಾಡುತ್ತಿದ್ದರು.

"ಪುಣ್ಯಾತ್ಗಿತ್ತಿ. ಒಬ್ಬರ ಕೈಲಿ ಒಂದು ಲೋಟ ನೀರು ತರಿಸ್ಕೊಳ್ಳಲಿಲ್ಲ."

"ನಿನ್ನೆ ನನ್ನ ಮೊಮ್ಮಗನಿಗೆ ಗಿಳಿ ಮಾಡ್ಕೊಟ್ಟಿದಾಳೆ. ಅದಿನ್ನೂ ಹಸಿರಾಗೇ ಇದೆ, ನೋಡು."

"ಮಾಡ್ಕೊಟ್ಟಿಲ್ಲ, ಅವನ ಕೈಲೇ ಮಾಡಿಸಿದಾಳೆ. ಅವಳು ಯಾವತ್ತು ಮಾಡ್ಕೊಟ್ಟಿದ್ಲು?"

ಕೋದಂಡರಾಮಯ್ಯ ಜಗಲಿಯ ಕಂಬಕ್ಕೊರಗಿ ಕುಳಿತಿದ್ದ. ಅಕ್ಕಯ್ಯಮ್ಮ ಅವನ ತಮ್ಮನ ಹೆಂಡತಿ. ತಮ್ಮ ಸತ್ತು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲವಾದ್ದರಿಂದ ಮುಂದೆ ಮಡಕೆ ಹಿಡಿದು ನಡೆಯುವ ಕೆಲಸ ಯೋಗಾನಂದನದು ಎಂದು ತೀರ್ಮಾನವಾಗಿತ್ತು. ಅಂಗಳದಲ್ಲಿ ಹಸಿ ಬಿದಿರು ಕಟ್ಟಿ ಚಟ್ಟ ಸಿದ್ಧವಾಗಿತ್ತು. ಅದರ ಮೇಲೆ ಹಾಸಬೇಕಾದ ತೆಂಗಿನ ಗರಿಯ ಚಾಪೆ ಮಾತ್ರ ಆಗಿರಲಿಲ್ಲ. ಕೇರಿಯ ಚಟ್ಟಗಳಿಗೆಲ್ಲ ಗರಿ ಹೆಣೆಯುತ್ತಿದ್ದ ಜವರಪ್ಪ ಮಗಳ ಮನೆಗೆಂದು ಹೊಸಕೋಟೆಗೆ ಹೋಗಿದ್ದ.

"ಹಂಗೇ ಬಿಡಿ ಗರಿ ಹಾಕಿ ಹಗ್ಗದಲ್ಲಿ ಬಿಗಿದ್ಬಿಡೋಣ ಗುರು" ಎಂದ ಯೋಗಾನಂದನ ಗೆಳೆಯನೊಬ್ಬ.

ಹಿರಿಯ ಗೋಪಾಲಪ್ಪ ಅವನ ಕಡೆ ತಿರುಗಿದ. "ಹೆಣೆಯದ ಗರಿ ಮೇಲೆ ಮಲಗಿಸೋಕೆ ಅವಳೇನು ದಿಕ್ಕಿಲ್ಲದವಳಾ? ಥೂ ನಿಮ್ಮ. ನೇಕಾರರ ಕೇರೀಲಿ ಒಂದು ಗರಿ ಹೆಣೆಯೋ ಕೈ ಇಲ್ವೇನ್ರೋ."

"ಸ್ವಿಚ್ಚು ಎಲ್ಲಿದೆ ತೋರ್ಸು ತಾತ, ಹೆಣೀತೀವಿ."

ಒಂದಿಬ್ಬರು ನಕ್ಕು, ಒಳಗಿನ ಹೆಂಗಸರ ಅಳು ಕೇಳಿ ಬಾಯಿ ಮುಚ್ಚಿಕೊಂಡರು. ಯೋಗಾನಂದ ಒಂದು ಗರಿಯನ್ನು ಎಳೆದುಕೊಂಡು ಪ್ರಯತ್ನಿಸಿದ. ನಾಲ್ಕು ಎಸಳು ಸೇರಿಸುವಷ್ಟರಲ್ಲಿ ಮೊದಲನೆಯದು ಬಿಟ್ಟುಕೊಂಡು ಮುಖಕ್ಕೆ ಹೊಡೆಯಿತು. ಕೋದಂಡರಾಮಯ್ಯ ತನ್ನ ಕೈಗಳನ್ನು ನೋಡಿಕೊಂಡ. ಕೈಮಗ್ಗದ ಕಾಲದಲ್ಲಿ ರೇಷ್ಮೆಯ ಎಳೆಯನ್ನು ಕತ್ತಲಲ್ಲೂ ಗಂಟು ಹಾಕುತ್ತಿದ್ದ ಬೆರಳುಗಳು. ಪವರ್‌ಲೂಮು ಬಂದ ಮೇಲೆ ಅವು ಎಲೆಯಡಿಕೆ ಮಡಚುವುದಕ್ಕಷ್ಟೇ ಆಗಿದ್ದವು.

ಆಗ ಕುಮಾರ್ ಬಂದ. ಶೆಡ್ಡಿನ ಅಂಗಳದ ತೆಂಗಿನ ಮರ ಹತ್ತಿ ಗರಿ ಕೆಡವಿ ಬಂದವನು. ಮೈಯೆಲ್ಲ ತರಚಿತ್ತು. ಕೋದಂಡರಾಮಯ್ಯನ ಮಗ್ಗಗಳಲ್ಲೇ ಕೆಲಸ ಮಾಡುವ ಹದಿನೇಳರ ಹುಡುಗ. ಬಲಗೈಯ ಎರಡು ಬೆರಳುಗಳಿಗೆ ತುದಿಯಿರಲಿಲ್ಲ.

"ಯೋಗಣ್ಣ, ಬಿಡಿ ಅದನ್ನ. ಗರಿಯ ನಡುದಿಂಡು ಒಬ್ಬರು ಒತ್ತಿ ಹಿಡ್ಕೊಳ್ಳಿ, ನಾನು ಹೆಣೀತೀನಿ."

"ನಿನಗೆ ಬರುತ್ತೇನೋ?" ಎಂದು ಬಾಗಿಲಲ್ಲಿ ನಿಂತಿದ್ದ ಕೋದಂಡರಾಮಯ್ಯನ ಹೆಂಡತಿ ಅಮ್ಮಯಮ್ಮ ಕೇಳಿದಳು.

"ನಮ್ಮ ವಯಸ್ಸಿನವರಿಗೆಲ್ಲ ಬರುತ್ತೆ ದೊಡ್ಡಮ್ಮ" ಎಂದು ಕುಮಾರ್ ನೆಲಕ್ಕೆ ಕುಳಿತ. "ನೀವೇ ಅಲ್ವಾ ಆವತ್ತು ಬೇಡ ಅಂದಿದ್ದು."

*

ಕೇರಿಗೆ ಪವರ್‌ಲೂಮು ಹೊಸದಾಗಿ ಬಂದಿದ್ದ ವರ್ಷ ಅದು. ಗಂಡ ಹೆಂಡತಿ ಇಬ್ಬರೂ ಮಗ್ಗದ ಮುಂದೆ ನಿಂತರೆ ಮಗುವನ್ನು ಬಿಡಲು ಮಗ್ಗದ ಪಕ್ಕದ ನೆಲ ಬಿಟ್ಟು ಬೇರೆ ಜಾಗವಿರಲಿಲ್ಲ. ಕುಮಾರನಿಗೆ ಆಗ ಐದು ತುಂಬಿರಲಿಲ್ಲ. ತಿರುಗುವ ಬೆಲ್ಟು ಅವನಿಗೆ ಓಡುವ ಹಾವಿನಂತೆ ಕಂಡಿತೋ ಏನೋ, ಹಿಡಿಯಲು ಹೋದ.

ಅವನ ಕೈಗೆ ಸೀರೆಯ ಸೆರಗು ಸುತ್ತಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದವಳು ಅಕ್ಕಯ್ಯಮ್ಮ. ವಾಪಸು ಬಂದವಳು ಮನೆಗೆ ಹೋಗಲಿಲ್ಲ. ಗಂಡ ಸತ್ತ ಮೇಲೆ ಮುಚ್ಚಿದ್ದ ಮಗ್ಗದ ಶೆಡ್ಡಿನ ಬಾಗಿಲು ತೆಗೆದು ಗುಣಿಯೊಳಗೆ ಮಣ್ಣು ತುಂಬತೊಡಗಿದಳು. ನಡುವಯಸ್ಸಿನ ಹೆಂಗಸು, ರಕ್ತ ಅಂಟಿದ ಸೀರೆಯಲ್ಲೇ ಬುಟ್ಟಿ ಬುಟ್ಟಿ ಮಣ್ಣು ಹೊರುತ್ತಿದ್ದುದನ್ನು ಕೇರಿ ನಿಂತು ನೋಡಿತು. ಕೋದಂಡರಾಮಯ್ಯ ಬಂದ.

"ಏನಮ್ಮಾ, ಮಗ್ಗದ ಗುಣಿ ಮುಚ್ತಾ ಇದೀಯ?"

"ಮಕ್ಕಳು ಬಿದ್ದಾವು ಭಾವಾ."

"ಯಾವ ಮಕ್ಕಳು?"

"ಎಲ್ಲರವೂ. ನಾಳೆಯಿಂದ ಇಲ್ಲಿ ಬಿಡಲಿ. ನಿಮ್ಮ ಮಾನಸನ್ನೂ ಕಳಿಸಿ."

ಅವನು ಯೋಚಿಸಿದ. ಶೆಡ್ಡು ಇಬ್ಬರಿಗೂ ಸೇರಿದ ಹಿರಿಯರ ಆಸ್ತಿ. ತಮ್ಮನಿಗೆ ಮಕ್ಕಳಿಲ್ಲ, ಮುಂದೆ ಅದು ಅವನಿಗೇ ಬರುವುದು. ಆದರೆ ಕುಮಾರನ ರಕ್ತ ಬಿದ್ದಿದ್ದು ಅವನ ಮಗ್ಗದ ಕೆಳಗೆ.

"ನೀನಿರೋವರೆಗೂ ಇಟ್ಕೊ" ಎಂದ.

ಹೊಲಿಗೆ ಬಿಚ್ಚಿದ ಮೇಲೆ ಕುಮಾರ್ ಬಂದ. ಬಲಗೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿದ್ದ. ಆಟದ ಸಾಮಾನೆಂದು ಅಲ್ಲಿ ಏನೂ ಇರಲಿಲ್ಲ. ಅಕ್ಕಯ್ಯಮ್ಮ ಅಂಗಳದ ತೆಂಗಿನ ಮರದಿಂದ ಬಿದ್ದ ಒಂದು ಹಸಿ ಗರಿಯನ್ನು ಎಳೆದು ತಂದಳು. ಒಂದು ತುದಿಗೆ ಕಲ್ಲಿಟ್ಟು ಅವನ ಮುಂದೆ ಕುಳಿತಳು.

"ಒಂದು ಮೇಲೆ, ಒಂದು ಕೆಳಗೆ. ಅಷ್ಟೇ ಕಣೋ. ನಿಮ್ಮಜ್ಜ, ಮುತ್ತಜ್ಜ ಎಲ್ಲ ಇಷ್ಟನ್ನೇ ಮಾಡಿ ಬದುಕಿದ್ದು."

"ನನ್ ಕೈ ಇಲ್ಲ."

"ಎಷ್ಟಿದೆ ಅಷ್ಟರಲ್ಲಿ ಹಿಡಿ. ಕಲ್ಲು ನೋಡು, ಅದಕ್ಕೆ ಒಂದು ಬೆರಳೂ ಇಲ್ಲ. ಹೆಂಗೆ ಹಿಡ್ಕೊಂಡಿದೆ."

ಅವನು ಕಲ್ಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಂಗಿಯೊಳಗಿನಿಂದ ಕೈ ತೆಗೆದ.

*

ಎರಡು ವರ್ಷದ ಮೇಲೆ ಸರ್ಕಾರದ ಅಂಗನವಾಡಿ ಬೋರ್ಡು ಬಂತು. ಸಾಸಲು ಕಡೆಯ ರೈತರ ಮನೆಯ ಮುನಿವೆಂಕಟಮ್ಮ ಸಹಾಯಕಿಯಾಗಿ ಸೇರಿದಳು. ಸೇರಿದ ಹೊಸದರಲ್ಲೇ ಆ ರಂಪ ಕಂಡಳು.

ಕೋದಂಡರಾಮಯ್ಯನ ಮಗಳು ಮಾನಸ, ಆಗ ನಾಲ್ಕೋ ಐದೋ ವರ್ಷದವಳು, ತನ್ನ ಕೈಯಾರೆ ಹೆಣೆದ ಮೊದಲ ಚಾಪೆಯನ್ನು ಮನೆಗೆ ಒಯ್ದಳು. ಎಲ್ಲರಿಗೂ ಕಾಣಲಿ ಎಂದು ಹೊಸಿಲ ಮುಂದೆ ಹಾಸಿದಳು. ಬೇವಿನ ಕಡ್ಡಿಗೆ ಬಟ್ಟೆ ಸುತ್ತಿದ ಗೊಂಬೆಗೆ ನಿದ್ದೆ ಬಂದಿದೆ ಎಂದು ಅದನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ತಲೆಯ ಹತ್ತಿರ ಎರಡು ಚೆಂಡುಹೂವಿಟ್ಟು, ಜೋ ಜೋ ಹಾಡುತ್ತಾ ಕುಳಿತಳು.

ಹಾಲು ತರಲು ಹೊರಗೆ ಬಂದ ಅಮ್ಮಯಮ್ಮನ ಕೈಯಿಂದ ಪಾತ್ರೆ ಬಿತ್ತು.

ಅವಳು ಕೇರಿಯ ಹೆಂಗಸರನ್ನೆಲ್ಲ ಹಿಂದಿಟ್ಟುಕೊಂಡು ಶೆಡ್ಡಿಗೆ ಬಂದಳು. "ಹಸಿ ಗರಿ ಹೆಣೆಯೋದು ಯಾವುದಕ್ಕೆ ಅಂತ ನಿನಗೆ ಗೊತ್ತಿಲ್ವಾ? ಹೆಣಕ್ಕೆ. ಮಕ್ಕಳ ಕೈಲಿ ದಿನಾ ಹೆಣದ ಚಾಪೆ ಹೆಣೆಸ್ತಾ ಇದೀಯಲ್ಲ, ನಿನಗಂತೂ ಮಕ್ಕಳಿಲ್ಲ, ನಮಗೂ ಇರೋದು ಬೇಡ್ವಾ?"

ಅಕ್ಕಯ್ಯಮ್ಮ ಒಂದು ಮಗುವಿನ ಮೂಗು ಒರೆಸುತ್ತಿದ್ದಳು. ಒರೆಸಿ ಮುಗಿಸಿದಳು.

"ಮದುವೆ ಚಪ್ಪರಕ್ಕೂ ಹಸಿ ಗರೀನೇ ಅಲ್ವಾ ಅಕ್ಕ."

"ಚಪ್ಪರಕ್ಕೆ ಹಾಸ್ತಾರೆ. ಹೆಣೆಯಲ್ಲ."

"ಸರಿ. ಕೇಡು ಇದೆ ಅಂತೀರಲ್ಲ, ಅದೇನಿದ್ರೂ ನನ್ನ ತಲೆ ಮೇಲಿರಲಿ. ಇವರು ಹೆಣೆಯೋ ಚಾಪೆ ಎಲ್ಲ ನಂದೇ ಲೆಕ್ಕಕ್ಕೆ. ನಾನು ಸತ್ತಾಗ ಇವರೇ ಹೆಣೀಲಿ, ಮಲಕ್ಕೊಳ್ತೀನಿ. ಅಲ್ಲೀವರೆಗೂ ಈ ಕೈಗಳು ಸುಮ್ನೆ ಕೂರೋದು ಬೇಡ. ಸುಮ್ನೆ ಕೂತ ಕೈ ಬೆಲ್ಟಿಗೆ ಹೋಗುತ್ತೆ."

ಮರುದಿನ ಒಂದು ಮಗುವೂ ಬರಲಿಲ್ಲ. ಅಕ್ಕಯ್ಯಮ್ಮ ಖಾಲಿ ಶೆಡ್ಡಿನ ಬಾಗಿಲಲ್ಲಿ ಕುಳಿತು ಒಬ್ಬಳೇ ಹೆಣೆದಳು. ಅದರ ಮರುದಿನವೂ ಹೆಣೆದಳು. ಅನ್ನ ಸಾರು ಮಾಡಿ ಕಾಯುತ್ತಿದ್ದ ಮುನಿವೆಂಕಟಮ್ಮ "ಇವತ್ತೂ ಬರಲ್ಲ ಕಣಕ್ಕ, ಗರಿ ಬಿಟ್ಬಿಡೋಣ, ಎಲೆಯಲ್ಲಿ ಎತ್ತು ಮಾಡ್ಸಿದ್ರೆ ಸಾಲ್ದಾ" ಎಂದರೆ, "ಎತ್ತೂ ಮಾಡ್ಸೋಣ, ಗರೀನೂ ಹೆಣೆಸೋಣ. ನೀನು ಸಾರಿಗೆ ಉಪ್ಪು ನೋಡು" ಎಂದಳು. ವಾರ ಕಳೆಯುವುದರೊಳಗೆ ಒಬ್ಬ ತಾಯಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಮಗ್ಗದ ಕೆಳಗೆ ಸಿಕ್ಕಿದನಂತೆ, ಬೆಲ್ಟಿಗೆ ಗೇಣು ದೂರದಲ್ಲಿ. ಆಮೇಲೆ ಇನ್ನೊಬ್ಬಳು ಬಂದಳು. ಕೊನೆಗೆ ಮಾನಸ ಯಾರಿಗೂ ಹೇಳದೆ ತಾನೇ ಓಡಿ ಬಂದಳು.

ಗರಿಯ ಚಾಪೆ ಮಾತ್ರ ಯಾರ ಮನೆಗೂ ಹೋಗಲಿಲ್ಲ. ಹೆಣೆದಿದ್ದೆಲ್ಲ ಶೆಡ್ಡಿನಲ್ಲೇ ಉಳಿಯುತ್ತಿತ್ತು. ಮಕ್ಕಳು ಅದರ ಮೇಲೇ ಊಟ ಮಾಡಿ, ಅದರ ಮೇಲೇ ನಿದ್ದೆ ಮಾಡಿ ಬೆಳೆದವು.

*

ಅಂಗಳದಲ್ಲಿ ಕುಮಾರನ ಜೊತೆ ಈಗ ಇನ್ನೂ ಮೂವರು ಕುಳಿತಿದ್ದರು. ಎಲ್ಲರೂ ಶೆಡ್ಡಿನಲ್ಲಿ ಬೆಳೆದವರೇ. ಮೀಸೆ ಮೂಡುತ್ತಿದ್ದ ಆ ಹುಡುಗರು ಎಸಳು ಎತ್ತುವಾಗ ತುಟಿ ಅಲುಗಿಸುತ್ತಿದ್ದರು. ಒಂದು ಮೇಲೆ, ಒಂದು ಕೆಳಗೆ.

ಕೋದಂಡರಾಮಯ್ಯ ಎದ್ದು ಬಂದು ಅವರ ಬೆನ್ನ ಹಿಂದೆ ನಿಂತಿದ್ದ. "ಅಲ್ಲೊಂದು ಬಿಟ್ಟೆ" ಎಂದ ಇದ್ದಕ್ಕಿದ್ದಂತೆ.

"ಎಲ್ಲಿ ಯಜಮಾನ್ರೇ?"

"ಎಡಗಡೆ. ಎರಡು ಎಸಳು ಒಟ್ಟಿಗೆ ಮೇಲೆ ಹೋಗಿದೆ. ಹೊಕ್ಕು ತಪ್ಪಿದೆ. ಬಿಚ್ಚು."

"ಮಣ್ಣಿಗೆ ಹೋಗೋದು, ನಡೆಯುತ್ತೆ ಬಿಡಪ್ಪಾ" ಎಂದ ಯೋಗಾನಂದ.

"ಬಿಚ್ಚು ಅಂದೆ."

ಕುಮಾರ್ ಬಿಚ್ಚಿ ಮತ್ತೆ ಹೆಣೆದ. ಬಾಗಿಲಲ್ಲಿ ಅಮ್ಮಯಮ್ಮ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. "ಅಂದಿದ್ಲು" ಎಂದಳು, ಯಾರಿಗೆಂದು ಇಲ್ಲದೆ. "ಇವರೇ ಹೆಣೀಲಿ ಅಂದಿದ್ಲು. ಮಲಕ್ಕೊಳ್ತೀನಿ ಅಂದಿದ್ಲು."

ಮಕ್ಕಳನ್ನು ಮಾನಸಳ ವಶಕ್ಕೆ ಬಿಟ್ಟು ಮುನಿವೆಂಕಟಮ್ಮ ಬಂದಿದ್ದು ಆಗಲೇ. ಹೆಣವನ್ನು ಚಟ್ಟದ ಮೇಲೆ ಇಳಿಸಿದರು. ಅಕ್ಕಯ್ಯಮ್ಮನ ಉಗುರುಗಳ ಅಂಚಿನಲ್ಲಿ ಹಸಿರು ಕರೆ ಸ್ನಾನ ಮಾಡಿಸಿದ ಮೇಲೂ ಹೋಗಿರಲಿಲ್ಲ. ಮುನಿವೆಂಕಟಮ್ಮ ಬಾಯಿಗೆ ನೀರು ಬಿಟ್ಟು, ಕಾಲು ಮುಟ್ಟಿ, ನೇರವಾಗಿ ಕೋದಂಡರಾಮಯ್ಯನ ಮುಂದೆ ಬಂದು ನಿಂತಳು.

"ಒಂದು ಮಾತಿದೆ."

"ಇದು ಮಾತಾಡೋ ಹೊತ್ತೇನಮ್ಮಾ?"

"ಇದೇ ಹೊತ್ತು. ಅವಳನ್ನ ಎತ್ಕೊಂಡು ಹೋದ್ಮೇಲೆ ನನ್ನ ಮಾತಿಗೆ ನೀವು ಯಾಕೆ ನಿಲ್ತೀರಾ? ಶೆಡ್ಡು ಮಕ್ಕಳಿಗೇ ಬಿಡ್ತೀನಿ ಅನ್ನಿ. ಅವಳಿಗೂ ಕೇಳಿಸಲಿ."

ಜನ ಕತ್ತು ಚಾಚಿದರು. ಕೋದಂಡರಾಮಯ್ಯನ ಮುಖ ಬಿಗಿಯಿತು. "ಅವಳಿರೋವರೆಗೂ ಅಂತ ಅಂದಿದ್ದೆ. ಇದ್ಲು, ಕೊಟ್ಟೆ. ಒಂದು ದಿನ ಏಳು ಅಂದಿಲ್ಲ. ಮಾತು ತಪ್ಪಿದೀನಾ?"

"ತಪ್ಪಿಲ್ಲ. ಇನ್ನೊಂದು ಮಾತು ಕೊಡಿ ಅಂತಿದೀನಿ."

"ಕೊಡೋಕೆ ನನ್ನ ಹತ್ರ ಇನ್ನೇನಿದೆ? ಯೋಗಾನಂದ ಮದುವೆಗೆ ಬಂದಿದಾನೆ. ಸ್ವಂತ ಎರಡು ಮಗ್ಗ ಇಲ್ದಿರೋನಿಗೆ ಯಾರು ಹೆಣ್ಣು ಕೊಡ್ತಾರೆ? ನನಗೂ ಮಕ್ಕಳಿದಾರಮ್ಮ. ನಿನ್ನ ಅಂಗನವಾಡೀಲಿ ಇರೋವಷ್ಟೇ ಮಕ್ಕಳು ಅವೂ."

ಮುನಿವೆಂಕಟಮ್ಮನ ಮಗನೂ ನಾಳೆ ಮದುವೆಗೆ ಬರುವವನೇ. ಆದರೂ ಅವಳು ಅಲ್ಲಿಂದ ಕದಲಲಿಲ್ಲ.

"ಇವತ್ತೊಂದಿನ ಕೂರಿಸ್ಕೊ" ಎಂದ ಅವನು ತಗ್ಗಿದ ದನಿಯಲ್ಲಿ. "ಮಣ್ಣು ಮಾಡಿ ಬಂದ್ಮೇಲೆ ಹೊಸ ಬೀಗ ತಂದು ಹಾಕ್ತೀನಿ."

"ಬನ್ನಿ. ನಾನೂ ಅಲ್ಲೇ ಇರ್ತೀನಿ. ಮಕ್ಕಳೂ ಇರ್ತವೆ. ಹೆಂಗೆ ಹಾಕ್ತೀರೋ ನೋಡ್ತೀನಿ."

"ಹೆಣ ಆ ದಾರೀಲೇ ಬರೋದು. ಬಾಗಿಲಾದ್ರೂ ಮುಚ್ಕೊ, ಮಕ್ಕಳು ನೋಡಬಾರದು."

"ಮುಚ್ಚೋಕೆ ಚಿಲಕ ಎಲ್ಲಿದೆ? ಬೆಳಗ್ಗೆ ನಾನೇ ಒಡೆದಿದೀನಲ್ಲ" ಎಂದು ಹೇಳಿ ಅವಳು ಹೊರಟಳು. ಅಂಗಳದಲ್ಲಿ ಮಿಕ್ಕಿದ್ದ ಒಂದು ಗರಿಯನ್ನು ದಿಂಡು ಹಿಡಿದು ಎಳೆದುಕೊಂಡೇ ಹೋದಳು. ಅದು ಕೇರಿಯ ಉದ್ದಕ್ಕೂ ಧೂಳಿನಲ್ಲಿ ಗೆರೆ ಎಳೆಯಿತು.

*

ತಮಟೆಯ ಸದ್ದು ಹತ್ತಿರವಾದಾಗ ಮಾನಸ ಬಾಗಿಲಿಗೆ ಅಡ್ಡ ನಿಲ್ಲಲು ಹೋದಳು.

"ಬೇಡ ಕಣೇ, ಬಿಡು" ಎಂದಳು ಮುನಿವೆಂಕಟಮ್ಮ. "ಇವರೇನು ದಿನಾ ನೋಡದೇ ಇರೋ ಮುಖವಾ ಅದು?"

ಮಕ್ಕಳು ಹೊಸಿಲಲ್ಲಿ ಸಾಲಾಗಿ ನಿಂತವು. ಹಲಸಿನ ಎಲೆಯ ಎತ್ತುಗಳು ಅವುಗಳ ಕೈಯಲ್ಲಿದ್ದವು. ಕೆಲವಕ್ಕೆ ಒಂದೇ ಕೊಂಬು. ಬೇವಿನ ಕಡ್ಡಿಯವನು ಅದನ್ನೇ ಚಾಟಿ ಮಾಡಿಕೊಂಡಿದ್ದ. ಮಡಕೆ ಹಿಡಿದ ಯೋಗಾನಂದ ಮುಂದೆ ಬಂದ. ಹಿಂದೆ ಚಟ್ಟ ಬಂತು. ಮುಂದಿನ ಎಡ ಹೆಗಲು ಕುಮಾರನದು. ಶೆಡ್ಡಿನ ಎದುರಿಗೆ ಬಂದಾಗ ಹೊತ್ತವರ ಹೆಜ್ಜೆ ತಾನಾಗಿ ನಿಧಾನವಾಯಿತು. ಹಿಂದಿನವರು ತಳ್ಳಿದರೂ ಬೇಗ ಆಗಲಿಲ್ಲ.

"ಅಜ್ಜಿ ಮಿಸ್ಸು ನಮ್ಮ ಚಾಪೆ ಮೇಲೆ ಮಲಗಿದಾರಾ?" ಚೈತ್ರ ಕೇಳಿದಳು.

"ಹೂಂ. ಕುಮಾರಣ್ಣ ಹೆಣೆದಿದ್ದು."

"ನಂದು ಯಾಕೆ ಹಾಕ್ಲಿಲ್ಲ?"

"ನಿಂದು ಇನ್ನೂ ಅರ್ಧ ಆಗಿದೆ. ಅರ್ಧದ ಮೇಲೆ ಯಾರಾದ್ರೂ ಮಲಗ್ತಾರಾ?"

ಚಟ್ಟ ತಿರುವಿನಲ್ಲಿ ಮರೆಯಾಯಿತು. ತಮಟೆ ಇನ್ನೂ ಕೇಳಿಸುತ್ತಿತ್ತು. ಮುನಿವೆಂಕಟಮ್ಮ ಕಣ್ಣೊರೆಸಿಕೊಂಡು, ಅದೇ ಸೆರಗಿನಲ್ಲಿ ಒಂದು ಮಗುವಿನ ಮೂಗನ್ನೂ ಒರೆಸಿದಳು.

"ಬನ್ನಿ, ಕೈ ತೊಳ್ಕೊಳ್ಳಿ. ಊಟ ಮಾಡಿ ಕೆಲಸಕ್ಕೆ ಕೂರೋಣ."

*

ಕೋದಂಡರಾಮಯ್ಯ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಸ್ನಾನ ಮಾಡಿ ಉಟ್ಟ ಒದ್ದೆ ಪಂಚೆ, ಕೈಯಲ್ಲಿ ಅಂಗಡಿಯಿಂದ ಆಗಷ್ಟೇ ತಂದ ದಪ್ಪ ಬೀಗ. ಕೀಲಿಕೈ ಅದಕ್ಕೇ ಸಿಕ್ಕಿಸಿತ್ತು. ಹೊಸ ಚಿಲಕವೊಂದನ್ನು ಬಗಲಲ್ಲಿ ಇರಿಸಿಕೊಂಡಿದ್ದ.

ಮುನಿವೆಂಕಟಮ್ಮ ಎದ್ದು ಬಾಗಿಲಿಗೆ ಬಂದಳು. ಬಾಗಿಲ ಒಂದು ಪಕ್ಕೆಗೆ ಒರಗಿ ನಿಂತಳು. ತಾಯಂದಿರು ಇನ್ನೂ ಸಾವಿನ ಮನೆ ತೊಳೆಯುತ್ತಿದ್ದರು. ಒಳಗೆ ಅರ್ಧ ಮಕ್ಕಳು ಮಲಗಿದ್ದವು, ಉಳಿದವು ಎಲೆಯ ಎತ್ತುಗಳಿಗೆ ಮೇವು ಹಾಕುತ್ತಿದ್ದವು. ಚೈತ್ರ ಮಾತ್ರ ಹೊಸಿಲ ಹತ್ತಿರ ಕುಳಿತು ತನ್ನ ಚಾಪೆಯ ಜೊತೆ ಗುದ್ದಾಡುತ್ತಿದ್ದಳು. ದಿಂಡಿನ ಒಂದು ತುದಿಯನ್ನು ಪಾದದಿಂದ ಒತ್ತಿ ಹಿಡಿದರೆ ಕೈ ಎಟುಕುತ್ತಿರಲಿಲ್ಲ. ಕೈ ಎಟುಕಿದರೆ ಪಾದ ಜಾರಿ, ಹೆಣೆದಿದ್ದೆಲ್ಲ ಬಿಚ್ಚಿ ಏಳುತ್ತಿತ್ತು. ಅವಳು ಅಳಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದಳು.

ಕೋದಂಡರಾಮಯ್ಯ ಬಾಗಿಲ ಚೌಕಟ್ಟಿನಲ್ಲಿ ಹಳೆ ಚಿಲಕದ ತೂತು ಹುಡುಕುತ್ತಿದ್ದ. ಅವನ ಕಣ್ಣು ಕೆಳಗೆ ಹೋಯಿತು. ತೂತಿನ ಕಡೆ ಬಂತು. ಮತ್ತೆ ಕೆಳಗೆ ಹೋಯಿತು.

"ಅಲ್ಲಿ ತಪ್ಪಿದೆ ಮಗು" ಎಂದ.

"ಎಲ್ಲಿ?"

"ಅದೇ, ಎರಡು ಒಟ್ಟಿಗೆ ಹೋಗಿದೆ ನೋಡು."

"ನಂಗೆ ಗೊತ್ತು. ಬಿಟ್ರೆ ಎದ್ದೋಗುತ್ತೆ. ಭಾರದ ಕಲ್ಲು ಒಡೆದೋಗಿದೆ." ಚೈತ್ರ ತಲೆಯೆತ್ತದೆ ಹೇಳಿದಳು. "ನೀವು ಹಿಡ್ಕೊಳ್ಳಿ."

ಅವನು ಮುನಿವೆಂಕಟಮ್ಮನ ಕಡೆ ನೋಡಿದ. "ನಾನು ಸೂತಕದವನು."

"ಇವರೂ ಅಷ್ಟೇ" ಎಂದಳು ಅವಳು. "ಹೋಗಿದ್ದು ಇವರ ಅಜ್ಜೀನೇ ಅಲ್ವಾ."

ಅವನು ಹೊಸಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತ. ಎಡಗೈಯಲ್ಲಿ ದಿಂಡು ಒತ್ತಿದ. ಬಲಗೈಯಲ್ಲಿ ಬೀಗವಿತ್ತು, ಎಸಳು ಹಿಡಿಯಲು ಆಗಲಿಲ್ಲ. ಬೀಗವನ್ನು ಎಡಗೈಗೆ ತೆಗೆದುಕೊಂಡರೆ ದಿಂಡು ಜಾರಿತು.

ಕೇರಿಯ ಆ ತುದಿಯಲ್ಲಿ ಮೊದಲ ಮಗ್ಗ ಶುರುವಾಯಿತು. ಆಮೇಲೆ ಇನ್ನೊಂದು. ಆ ಸದ್ದಿನ ನಡುವೆ ಲೂನಾ ಬಂದು ನಿಂತಿದ್ದು ಯಾರಿಗೂ ಕೇಳಿಸಲಿಲ್ಲ.

"ಅಪ್ಪಾ" ಎಂದು ಯೋಗಾನಂದ ಕೂಗಿ ಹೇಳಿದ. ಅವನ ತಲೆ ಬೋಳಿಸಿತ್ತು. "ಲಾರಿಯವನು ಅಂಗಡಿ ಫೋನಲ್ಲಿ ಇದಾನೆ. ನಾಳೆ ಮಗ್ಗ ಎಲ್ಲಿ ಇಳಿಸ್ಬೇಕು ಅಂತ ಕೇಳ್ತಿದಾನೆ."

ಕೋದಂಡರಾಮಯ್ಯ ತಪ್ಪಿದ ಎಸಳನ್ನು ಬೆರಳಲ್ಲಿ ಎತ್ತಿ ಹಿಡಿದಿದ್ದ. ಬಿಟ್ಟರೆ ಹೋಗುತ್ತಿತ್ತು.

"ನಮ್ಮ ಪಡಸಾಲೇಲಿ" ಎಂದ.

"ಏನು?"

"ಪಡಸಾಲೇಲಿ ಇಳಿಸ್ಲಿ ಅನ್ನು."

"ಅಲ್ಲಿ ನೀವು ಮಲಗೋ ಜಾಗ ಅಲ್ವಾ?"

ಕೋದಂಡರಾಮಯ್ಯ ಹೊಸ ಬೀಗವನ್ನು ದಿಂಡಿನ ತುದಿಯ ಮೇಲಿಟ್ಟು, ಅಲುಗುವುದಿಲ್ಲವೆಂದು ಒಮ್ಮೆ ಒತ್ತಿ ನೋಡಿ, ಎರಡೂ ಕೈಗಳನ್ನು ಬಿಡಿಸಿಕೊಂಡ.

"ಹೂಂ" ಎಂದಳು ಚೈತ್ರ. "ಈಗ ಒಂದು ಮೇಲೆ."